ಹಿರಿಯ ಅಳಿಯ ಟ್ಯಾಕ್ಸು ಕಟ್ಟಿದ್ದು

ಅಲಖನೂರಿನ ವಿರುಪಾಕ್ಷಪ್ಪನವರಿಗೆ ಹೊಲವಿತ್ತು, ಹೊಲದ ತುಂಬ ಕಬ್ಬಿತ್ತು, ಕಬ್ಬಿನ ಪಕ್ಕದಲ್ಲಿ ಬೆಲ್ಲದ ಗಾಣವಿತ್ತು. ಇಷ್ಟೆಲ್ಲ ಇದ್ದ ಮನುಷ್ಯನಿಗೆ ಇರಲೇಬೇಕಾದ ಗತ್ತೂ ಇತ್ತು. ಇಲ್ಲದ್ದು ನೆಮ್ಮದಿಯೊಂದೇ. ಅದನ್ನು ಅವರ ಷಡ್ಡಕ ಸಿದ್ದಲಿಂಗ, ಅಂದರೆ ಹೆಂಡತಿಯ ತಂಗಿಯ ಗಂಡ, ಅಥಣಿಯ ತನ್ನ ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿಬಿಟ್ಟಿದ್ದ.

ತೂಗುತ್ತಿದ್ದದ್ದು ಆದಾಯ ತೆರಿಗೆ ಇಲಾಖೆಯ ಮೆಚ್ಚುಗೆ ಪತ್ರ. ಡ್ರಿಪ್ ಪೈಪಿನ ಅಂಗಡಿಯ ಸಿದ್ದಲಿಂಗ ವೇಳೆಗೆ ಸರಿಯಾಗಿ ಟ್ಯಾಕ್ಸು ಕಟ್ಟಿದ್ದಕ್ಕೆ ಇಲಾಖೆ ಈಮೇಲಿನಲ್ಲಿ ಧನ್ಯವಾದ ಹೇಳಿತ್ತು. ಕಂಚಿನ ದರ್ಜೆ. ಅವನು ಅದನ್ನು ಕಲರ್ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ಬಂದವರು ಕೂಡುವ ಕುರ್ಚಿಗೆ ನೇರ ಎದುರಿಗೆ ಇಟ್ಟಿದ್ದ.

"ಕಂಚು ಅಂದ್ರ ಮೂರನೇ ನಂಬರ್" ಎಂದು ವಿರುಪಾಕ್ಷಪ್ಪ ಹೆಂಡತಿಗೆ ತಿಳಿಹೇಳಿದರು.

"ನಿಮ್ಮದು ಎಷ್ಟನೇ ನಂಬರ್ ರೀ?" ಎಂದಳು ದಾನೇಶ್ವರಿ.

ರೈತನಿಗೆ ಟ್ಯಾಕ್ಸಿಲ್ಲ ಎಂದು ಇಷ್ಟು ದಿನ ಮೀಸೆ ತಿರುವಿದವರಿಗೆ ಈಗ ಅದೇ ಅವಮಾನವೆನಿಸಿತು. ಸರ್ಕಾರ ತಮ್ಮನ್ನು ಲೆಕ್ಕಕ್ಕೇ ಹಿಡಿದಿಲ್ಲವಲ್ಲ!

ಇದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಕೊಕಟನೂರಿನ ಮಾವ ಕಾಮಣ್ಣನವರು ನಿವೃತ್ತ ತಲಾಟಿ. ಊರೂರು ಕಂದಾಯ ವಸೂಲಿ ಮಾಡಿದ ಜೀವ, ಸರ್ಕಾರಿ ಕಾಗದವೆಂದರೆ ಪ್ರಸಾದ. ಮದುವೆಯಾದಾಗಿನಿಂದ ಆ ಮನೆಯ ಹಬ್ಬದೂಟದಲ್ಲಿ ಮೊದಲ ತಾಟು ಹಿರಿಯ ಅಳಿಯನದು. ಈ ಸಲ ಪಂಚಮಿಗೆ ಮಾವ, "ಸಿದ್ದಲಿಂಗಪ್ಪಾರ, ನೀವು ಮೊದಲ ಕೂಡ್ರಿ" ಅಂದುಬಿಟ್ಟರು. ವಿರುಪಾಕ್ಷಪ್ಪನವರು ಕಚ್ಚಿದ ಎಳ್ಳುಂಡೆಯನ್ನು ಕೆಳಗಿಟ್ಟು ಅಂದೇ ಪಣ ತೊಟ್ಟರು: ದೀಪಾವಳಿಯೊಳಗೆ ಆ ತಾಟು ವಾಪಸು ಬರಬೇಕು.

ಚಿಕ್ಕೋಡಿಗೆ ಹೋದರು; ಸಿದ್ದಲಿಂಗನದೂ ಸೇರಿ ಆ ಕಡೆಯವರ ಟ್ಯಾಕ್ಸಿನ ಕೆಲಸ ಮಾಡುವ ಭಾವುಸಾಹೇಬರ ಎದುರು ಕೂತರು.

"ನನಗೂ ಒಂದ್ ಥ್ಯಾಂಕ್ಸ್ ತರಿಸಿಕೊಡ್ರಿ. ಬೆಳ್ಳೀದಾದ್ರ ಛಲೋ."

"ಸಾವಕಾರ, ನೀವು ರೈತರು. ಕಬ್ಬಿನ ರೊಕ್ಕಕ್ಕ ಇನ್‌ಕಮ್ ಟ್ಯಾಕ್ಸ್ ಇಲ್ಲ. ಕಟ್ಟದವರಿಗೆ ಥ್ಯಾಂಕ್ಸ್ ಹ್ಯಾಂಗ ಹೇಳ್ತಾರ?"

ಇಲ್ಲಿಗೇ ಚಹಾ ಕುಡಿದು ಎದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಸಿದ್ದಲಿಂಗ ವ್ಯಾಪಾರಿ, ತಾವು ಬರೀ ರೈತ!

"ಏನಂದ್ರಿ? ಗಾಣ ಐತಿ ನಂದು! ನನ್ನ ಕಬ್ಬಷ್ಟ ಅಲ್ಲ, ಊರ ಮಂದಿ ಕಬ್ಬೂ ಕೊಂಡು ಬೆಲ್ಲ ಮಾಡ್ತೀನಿ. ನಿಪ್ಪಾಣಿ ಪ್ಯಾಟ್ಯಾಗ ನನ್ನ ಬೆಲ್ಲದ ಪೆಂಟಿ ಇಳೀತಂದ್ರ ದಲಾಲರು ಎದ್ದ ನಿಲ್ತಾರ."

ಭಾವುಸಾಹೇಬರು ಚಷ್ಮಾ ತೆಗೆದರು. "ಇದನ್ನ ಇಷ್ಟ ವರ್ಷ ಯಾರಿಗೂ ಹೇಳಿಲ್ಲಾ?"

"ಊರಿಗೆಲ್ಲಾ ಗೊತ್ತೈತಿ!"

"ಊರಿಗಲ್ಲರಿ, ಇಲಾಖೆಗೆ. ಕಬ್ಬು ಬೆಳಿಯೂದು ಒಕ್ಕಲುತನ. ಮಂದಿ ಕಬ್ಬು ಕೊಂಡು ಬೆಲ್ಲ ಮಾಡಿ ಮಾರೂದು ಧಂದೆ. ಧಂದೆಗೆ ಟ್ಯಾಕ್ಸ್ ಐತಿ. ಹಿಂದಿನ ವರ್ಷದ್ದೂ ತೋರಿಸಬೇಕು, ಬಡ್ಡಿ ಬ್ಯಾರೆ, ತಡಾ ಮಾಡಿದ್ದಕ್ಕ ಮ್ಯಾಲ ಇನ್ನಷ್ಟ. ತಾವಾಗೇ ಹೇಳಿದ್ರ ಇಷ್ಟರಾಗ ಮುಗೀತೈತಿ. ನೋಟಿಸ್ ಬಂದ ಮ್ಯಾಲ ಆದ್ರ ಚರ್ಮ ಸುಲೀತಾರ."

ವಿರುಪಾಕ್ಷಪ್ಪ ಬೆವರಿದರು. ಬೆವರಿನ ನಡುವೆಯೇ ಒಂದು ಆಸೆ ಚಿಗುರಿತು.

"ಎಲ್ಲಾ ಕೂಡಿದ್ರ ಸಿದ್ದಲಿಂಗನಕಿಂತ ಜಾಸ್ತಿ ಆಗತೈತೇನು?"

"ಅವರ ಲೆಕ್ಕ ನಾ ಹೇಳಂಗಿಲ್ಲ. ಆದ್ರ ನಿಮ್ಮದು ಸಣ್ಣದಲ್ಲ ಬಿಡ್ರಿ."

"ಮತ್ತ ಥ್ಯಾಂಕ್ಸ್?"

"ತಡಾ ಮಾಡಿದವರಿಗೆ ಕೊಡಂಗಿಲ್ಲರಿ."

ಆದರೂ ಕಟ್ಟಿದರು. ಕಾಯ್ದೆಗೆ ಹೆದರಿ ಅರ್ಧ, ಷಡ್ಡಕನಿಗೆ ಉರಿದು ಅರ್ಧ.

ದೀಪಾವಳಿಗೆ ಕೊಕಟನೂರಿನಲ್ಲಿ ತಾಟು ಹಾಕುವ ಹೊತ್ತಿಗೆ ವಿರುಪಾಕ್ಷಪ್ಪ ಗಂಟಲು ಸರಿಮಾಡಿಕೊಂಡು, ತಾವು ಕಟ್ಟಿದ ಮೊತ್ತವನ್ನು ಅಡುಗೆಮನೆಗೂ ಕೇಳುವಂತೆ ಹೇಳಿದರು. ಸಿದ್ದಲಿಂಗ ಬೆರಳು ಮಡಿಚಿ ಸೊನ್ನೆ ಎಣಿಸಿದ. ಮಾವ ಮಾತ್ರ ಹುಬ್ಬು ಗಂಟಿಕ್ಕಿದರು.

"ಇದು ಒಂದ ವರ್ಷದ್ದೇನ್ರಿ, ಅಳಿಯಾರ?"

"ಇಲ್ರಿ ಮಾವಾರ, ಹಿಂದಿಂದೂ ಕೂಡಿ."

"ಅಂದ್ರ ಇಷ್ಟ ದಿನ ಬಾಕಿದಾರ ಆಗಿದ್ರಿ."

ತಲಾಟಿಯ ಬಾಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ದಾನೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುವಿಗೋ ನಗುವಿಗೋ ತಿಳಿಯಲಿಲ್ಲ. ಮೊದಲ ತಾಟು ವಿರುಪಾಕ್ಷಪ್ಪನವರ ಮುಂದಿನಿಂದ ಹಾದು ಸಿದ್ದಲಿಂಗನ ಮುಂದೆ ಇಳಿಯಿತು.

ಆದರೆ ಸಿದ್ದಲಿಂಗ ಉಣ್ಣಲಿಲ್ಲ. ಹೋಳಿಗೆಯನ್ನು ಬೆರಳಲ್ಲಿ ಚಿವುಟುತ್ತ ಕೂತವನು, ಕಡೆಗೆ ತಡೆಯಲಾರದೆ ವಾಲಿ ಕೇಳಿದ: "ಅಣ್ಣಾರ, ಅಷ್ಟ ಟ್ಯಾಕ್ಸ್ ಅಂದ್ರ... ಗಾಣದಾಗ ಅಷ್ಟ ಉಳೀತೈತೇನ್ರಿ? ನಮ್ಮ ಪೈಪಿನಾಗ ಏನೂ ಇಲ್ಲ ಬಿಡ್ರಿ."

ಆ ದನಿಯಲ್ಲಿದ್ದ ಉರಿ ಯಾವುದೆಂದು ವಿರುಪಾಕ್ಷಪ್ಪನವರಿಗೆ ಯಾರೂ ಹೇಳಬೇಕಿರಲಿಲ್ಲ. ಅದನ್ನೇ ತಿಂಗಳುಗಟ್ಟಲೆ ತಮ್ಮ ಹೊಟ್ಟೆಯಲ್ಲೇ ಸಾಕಿದ್ದರು. ತಡವಾಗಿ ಬಂದ ತಮ್ಮ ತಾಟನ್ನು ಹತ್ತಿರ ಎಳೆದುಕೊಂಡು, ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಸುರಿಸಿಕೊಂಡು, ಬಹಳ ನೊಂದವರಂತೆ ಅಂದರು:

"ಏನ್ ಉಳೀತೈತಿ ಬಿಡೋ ಸಿದ್ದಲಿಂಗ. ಎಲ್ಲಾ ಟ್ಯಾಕ್ಸಿಗೇ ಹೋಗತೈತಿ."