ಕರೆದರೂ ಬಾರದ ಕರಿಯ

ನಮ್ಮ ಬೀದಿಗೆ ಒಂದು ರಾಟ್‌ವೀಲರ್ ಬಂದಿದೆ. ಅದು ಬಂದ ಸುದ್ದಿ ನನಗೆ ಮೊದಲು ಮುಟ್ಟಿದ್ದು ಮೂಗಿನ ಮೂಲಕ. ಬೆಳಿಗ್ಗೆ ಹಾಲಿಗೆ ಹೊರಟಿದ್ದೆ. ಎದುರುಮನೆಯ ಗೇಟಿನ ಒಳಗಿನಿಂದ ಒದ್ದೆ ನಾಯಿಯ ವಾಸನೆ ಬಂತು. ನೀವು ನಾಯಿ ಸಾಕಿದವರಾದರೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಸಾಕದವರಾದರೆ ವಿವರಿಸಿ ಪ್ರಯೋಜನವಿಲ್ಲ.

ಎದುರುಮನೆಯ ಮಂಜಣ್ಣ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವವರು. ಪೈಪು ಹಿಡಿದು ನಾಯಿಯ ಮೈ ತೊಳೆಯುತ್ತಿದ್ದರು. "ಬರ್ರಿ ಸಾರ್ ಒಳಗೆ, ಏನೂ ಮಾಡಲ್ಲ" ಅಂದರು. ಲೋಕದಲ್ಲಿ ನಾಯಿ ಇರುವವರೆಲ್ಲ ಹೇಳುವ ಮಾತು ಅದು. ನಾನು ಗೇಟಿನ ಹೊರಗೇ ನಿಂತೆ. ಆ ನಾಯಿಯ ತಲೆ ನಮ್ಮ ಮನೆಯ ಪ್ರೆಶರ್ ಕುಕ್ಕರಿನಷ್ಟಿತ್ತು. ಅದು ನನ್ನನ್ನು ನೋಡಿತು, ಬೊಗಳಲಿಲ್ಲ. ಬೊಗಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನೀವು ನಾಯಿ ಕಂಡೋರು, ಹೇಳ್ರಿ. ಕಾವಲಿಗೆ ಯಾವ ಜಾತಿ ಒಳ್ಳೇದು? ಡಾಬರ್‌ಮನ್ನೇ ತರಬೇಕಿತ್ತು ಅಂತ ನನ್ನ ತಮ್ಮ ತಲೆ ತಿನ್ನಾಕೆ ಹತ್ತಿದಾನೆ" ಎಂದರು ಮಂಜಣ್ಣ.

ಹಾಲಿಗೆ ಹೊತ್ತಾಯಿತು ಎಂದು ಹೊರಟೆ. ನನಗೆ ಹೊಳೆದ ಉತ್ತರ ಗೇಟಿನ ಸಂದಿಯಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ. ನಿಮಗಾದರೆ ಕೂತು ಹೇಳಬಹುದು.

ನಾನು ಕಂಡ ನಾಯಿಗಳು ಕೆಲವು. ಹೊನ್ನಾಳಿಯ ಒಂದು ಅಕ್ಕಿ ಗಿರಣಿಯಲ್ಲಿ ಡಾಬರ್‌ಮನ್ ಇತ್ತು. ಮಾಲೀಕರು ಕೆಮ್ಮಿದರೆ ಸಾಕು, ಎದುರಿಗೆ ನಿಂತವನ ಪ್ಯಾಂಟು ಅದರ ಬಾಯಲ್ಲಿರುತ್ತಿತ್ತು. ಅದಕ್ಕೆ ಸಿಟ್ಟಿರಲಿಲ್ಲ, ಅವಸರವಿತ್ತು, ಅಷ್ಟೆ. ನ್ಯಾಮತಿಯಲ್ಲಿ ನನ್ನ ಷಡ್ಡಕ ಕಾವಲಿಗೆಂದು ಲ್ಯಾಬ್ರಡಾರ್ ತಂದ. ಮನೆಗೆ ಕಳ್ಳ ಬಂದಾಗ ಅದು ತನ್ನ ಚೆಂಡನ್ನು ಹುಡುಕಿ ತಂದು ಅವನ ಕಾಲ ಬಳಿ ಇಟ್ಟಿತಂತೆ. ಇನ್ನು ನಮ್ಮ ಮನೆಯಲ್ಲಿದ್ದದ್ದು ಜರ್ಮನ್ ಶೆಫರ್ಡ್. ಹೆಸರು ಟೈಗರ್. ಈಗ ಇಲ್ಲ.

ಟೈಗರನನ್ನು ತಂದದ್ದು ನನ್ನ ಭಯ. ಹೊಸ ಬಡಾವಣೆ, ಪಕ್ಕದಲ್ಲಿ ಖಾಲಿ ಸೈಟು. ನನ್ನ ಸ್ವಭಾವವಂತೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬರುವಂಥದ್ದು. ನಾಯಿ ಬಂದರೆ ನಿಶ್ಚಿಂತೆ ಎಂದುಕೊಂಡೆ. ಬಂದದ್ದು ನನ್ನನ್ನೂ ಮೀರಿಸಿತ್ತು. ಅಡಿಗೆಮನೆಯಲ್ಲಿ ಹೆಂಡತಿ, ಪಡಸಾಲೆಯಲ್ಲಿ ನಾನು, ಮಹಡಿಯಲ್ಲಿ ಮಗಳು ಇದ್ದರೆ ಮೂರು ಕಡೆಗೂ ಓಡಾಡಿ ಏದುಸಿರು ಬಿಡುತ್ತಿತ್ತು. ಎಲ್ಲರೂ ಒಂದೇ ಕೋಣೆಗೆ ಬಂದಾಗ ಮಾತ್ರ ನಿಟ್ಟುಸಿರಿಟ್ಟು ಮಲಗುತ್ತಿತ್ತು. "ರೀ, ಜ್ವರ ಅಂಟುತ್ತೆ ಅಂತ ಕೇಳಿದ್ದೆ, ಚಿಂತೆಯೂ ನಾಯಿಗೆ ಅಂಟುತ್ತಾ?" ಎಂದು ಹೆಂಡತಿ ಕೇಳುತ್ತಿದ್ದಳು. ನಾನೂ ಹಾಗೇ ನಂಬಿದ್ದೆ, ಬಿಳಿಚೋಡಿಗೆ ಹೋಗುವವರೆಗೆ.

ಜಗಳೂರು ತಾಲ್ಲೂಕಿನ ಬಿಳಿಚೋಡು ನನ್ನ ಅಕ್ಕನನ್ನು ಕೊಟ್ಟ ಊರು. ಭಾವ ಕುರಿ ಸಾಕುವವರು. ಅವರ ಹಿಂಡಿನಲ್ಲಿ ಕರಿಯ ಎಂಬ ನಾಟಿ ನಾಯಿ ಇತ್ತು. ಅದರ ತಾಯಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಾಗ ಮರಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಕ್ಕ ಅದನ್ನು ಒಲೆಯ ಪಕ್ಕ ಬುಟ್ಟಿಯಲ್ಲಿಟ್ಟು, ಮೇಕೆ ಹಾಲಿನಲ್ಲಿ ಹತ್ತಿ ಅದ್ದಿ ಬಾಯಿಗೆ ಹಿಂಡಿ ಬದುಕಿಸಿದ್ದಳು. ಕಾಲು ಗಟ್ಟಿಯಾದ ದಿನ ಭಾವ ಬಂದು ಅದನ್ನು ಎತ್ತಿಕೊಂಡು ಹೋಗಿ ರೊಪ್ಪದೊಳಗೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯೊಳಗೆ, ಕುರಿಮರಿಗಳ ನಡುವೆ ಬಿಟ್ಟರು. "ಇನ್ನು ಇವನ್ನ ಯಾರೂ ಮುಟ್ಟಬ್ಯಾಡ್ರಿ. ನೀನೂ ಅಷ್ಟೇ ಕಣೆ" ಎಂದರು.

ಇದು ಅವರ ಮನೆತನದ ಪದ್ಧತಿ. ಹಿಂಡು ಕಾಯುವ ನಾಯಿ ಕುರಿಗಳ ನಡುವೆಯೇ ಬೆಳೆಯಬೇಕು. ಅವುಗಳ ಬಿಸಿಗೆ ಒತ್ತಿಕೊಂಡು ಮಲಗಬೇಕು, ಅವುಗಳನ್ನೇ ಒಡಹುಟ್ಟು ಅಂದುಕೊಳ್ಳಬೇಕು. ಮನುಷ್ಯರ ಮುದ್ದು ಸಿಕ್ಕರೆ ಅದು ಮನುಷ್ಯರ ಹಿಂದೆ ಬರುತ್ತದೆ. ಆಮೇಲೆ ಹಿಂಡಿಗೆ ಯಾರು? ಮೊದಲ ದಿನಗಳಲ್ಲಿ ಮರಿ ರೊಪ್ಪದಿಂದ ಅಡಿಗೆಮನೆಯ ಕಡೆ ಮುಖ ಮಾಡಿ ಕುಂಯ್‌ಗುಟ್ಟುತ್ತಿತ್ತು. ಅದು ಕಿವಿಗೆ ಬೀಳದಿರಲೆಂದು ಅಕ್ಕ ಒರಳಿನ ಮುಂದೆ ಕೂರುತ್ತಿದ್ದಳು. "ಆ ವಾರ ತಿಂದಷ್ಟು ನುಣ್ಣನೆ ಚಟ್ನಿ ನಾನು ಜನ್ಮದಾಗೆ ತಿಂದಿಲ್ಲ" ಎಂದು ಭಾವ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಕರಿಯ ಬೆಳೆದು ಟಗರಿನಷ್ಟು ಎತ್ತರ ಆದಮೇಲೂ ಅವಳು ಅವನನ್ನು ಮುಟ್ಟಲಿಲ್ಲ. ರೊಪ್ಪದ ಪಕ್ಕ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಭಾವನ ಫೋನು ಬಂತು. ಗುಡ್ಡದ ಕಡೆ ತೋಳಗಳ ಕಾಟ ಹೆಚ್ಚಾಗಿತ್ತು, ಮರಿಗಳು ಹೋಗುತ್ತಿದ್ದವು. ಕರಿಯನೋ, ಮೇಯುವ ಹಿಂಡು ಬಿಟ್ಟು ಮಟಮಟ ಮಧ್ಯಾಹ್ನ ಮನೆಯ ಹಿತ್ತಲಿಗೆ ಬಂದು ಕೂರುತ್ತಿದ್ದನಂತೆ.

"ನಿಮ್ಮಕ್ಕ ಹಾಲು ಕುಡಿಸಿ ಕೆಡಿಸಿಬಿಟ್ಟಳು ಕಣಪ್ಪಾ. ಕುರಿ ಬಿಟ್ಟು ಬರೋದು ನಾಯಿಯಲ್ಲ, ನೆಂಟ. ಬಂದು ತಗಂಡು ಹೋಗು. ನಿಮ್ಮೂರಾಗೆ ಯಾವುದಾದ್ರೂ ಅಡಿಕೆ ಮಂಡಿಗೆ ಕಟ್ಟು, ಅಲ್ಲಾದ್ರೂ ಬೊಗಳಿಕೊಂಡು ಇರಲಿ."

ಟೈಗರನನ್ನು ಕಾರಿನಲ್ಲಿ ಹಾಕಿಕೊಂಡು, ಕರಿಯನಿಗೊಂದು ಹಗ್ಗ ಇಟ್ಟುಕೊಂಡು ಬೆಳಿಗ್ಗೆ ಬೇಗ ಹೋದೆ. ಭಾವ ಕಾರಿನ ಬಳಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದೇನು ನಾಯಿನೋ, ತಹಶೀಲ್ದಾರರೋ? ಇಳಿಯಾಕೆ ಬಾಗ್ಲು ತೆಗೀಬೇಕು!" ಅಕ್ಕ ಚಹ ಕೊಟ್ಟಳು. ನನ್ನ ಕೈಯಲ್ಲಿದ್ದ ಹಗ್ಗ ನೋಡಿ, "ಇವತ್ತೇ ಒಯ್ಯತೀಯೇನೋ?" ಅಂದಳು, ಅಷ್ಟೆ. ಚಹಕ್ಕೆ ಸಕ್ಕರೆ ಹಾಕಿರಲಿಲ್ಲ. ನಾನು ಕೇಳಲೂ ಇಲ್ಲ.

"ಮಧ್ಯಾಹ್ನದ ತನಕ ಹಿಂಡಿನ ಜತೆ ಇರಲಿ, ಆಮ್ಯಾಲೆ ಒಯ್ಯಿ" ಎಂದು ಭಾವ ಕುರಿ ಬಿಟ್ಟರು. ನಾನೂ ಹೊರಟೆ. ಎಲ್ಲಕ್ಕಿಂತ ಮುಂದೆ ಭಾವನ ಮುಧೋಳ ನಾಯಿ ಚೆಲುವಿ. ಬಡಕಲು ಮೈ, ಉದ್ದ ಕಾಲು. ನಾನು ಪ್ರೀತಿಯಿಂದ ಚಾಚಿದ ಕೈಯನ್ನು ಅದು ಸಾಲ ಕೇಳಲು ಬಂದವರ ಕೈಯಂತೆ ತಪ್ಪಿಸಿತು. ಅದು ಮೂಗನ್ನು ನಂಬುವುದಿಲ್ಲ, ಕಣ್ಣನ್ನು ನಂಬುತ್ತದೆ. ಸದಾ ದಿಗಂತವನ್ನೇ ನೋಡುತ್ತಿರುತ್ತದೆ. ಕರಿಯ ಹಿಂಡಿನೊಳಗೇ ತಲೆ ತಗ್ಗಿಸಿ ನಡೆಯುತ್ತಿದ್ದ. ಅಷ್ಟು ಕುರಿಗಳ ನಡುವೆ ಅವನನ್ನು ಹುಡುಕುವುದಕ್ಕೇ ಹೊತ್ತು ಹಿಡಿಯಿತು.

ಗುಡ್ಡದ ಅಡಿಯಲ್ಲಿ ಯಾರದೋ ಶೇಂಗಾ ಹೊಲ. ಕುರಿ ಅದಕ್ಕೆ ನುಗ್ಗದಂತೆ ಕಾಯಬೇಕು. ಆಗ ನಡೆದದ್ದನ್ನು ನಾನು ಈಗಲೂ ಪೂರ್ತಿ ನಂಬಲಾರೆ. ಹುಟ್ಟಿದಾಗಿನಿಂದ ಕುರಿಯ ಮುಖ ನೋಡದ ಟೈಗರ್ ನನ್ನ ಕೈಯಿಂದ ಜಾರಿಕೊಂಡು ಹೋಗಿ, ಹೊಲದ ಬದುವಿನ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯತೊಡಗಿದ. ಬೊಗಳಲಿಲ್ಲ, ಕಚ್ಚಲಿಲ್ಲ. ಕುರಿಗಳು ಅವನ ದಾರಿಯವರೆಗೆ ಮೇಯ್ದು ಬಂದು, ಗೋಡೆ ಕಂಡಂತೆ ತಿರುಗಿದವು. ಬದುವಿನ ಆಚೆ ಒಂದು ಎಲೆಯೂ ಅಲುಗಲಿಲ್ಲ.

ಭಾವ ಬೀಡಿ ಹಚ್ಚುವುದನ್ನು ಮರೆತರು. "ಯಾರು ಕಲಿಸಿದ್ದು?"

"ಯಾರೂ ಇಲ್ಲ ಭಾವಾ."

"ಸುಳ್ಳು ಹೇಳಬ್ಯಾಡ."

ಸುಳ್ಳಲ್ಲ. ನಮ್ಮ ಮನೆಯ ಮೂರು ಕೋಣೆಗಳ ನಡುವೆ ಆ ಜೀವ ಓಡಾಡುತ್ತಿದ್ದದ್ದು ಚಿಂತೆಯಿಂದಲ್ಲ ಎಂದು ನನಗೆ ಆಗ ತಿಳಿಯಿತು. ಅದು ಕೆಲಸ ಸಿಗದ ಒಂದು ಕಸುಬಾಗಿತ್ತು. ಅದರ ಅಜ್ಜ ಮುತ್ತಜ್ಜಂದಿರು ಎಲ್ಲೋ ಹೊಲದಂಚಿನಲ್ಲಿ ಸವೆಸಿದ ದಾರಿ ಅದರ ಕಾಲಲ್ಲೇ ಉಳಿದಿತ್ತು. ನಾನು ಅದಕ್ಕೆ ಬಿಸ್ಕತ್ತು ಕೊಟ್ಟು ಕೈಕುಲುಕಲು ಕಲಿಸುತ್ತಿದ್ದೆ.

ಬಿಸಿಲು ನೆತ್ತಿಗೇರಿತ್ತು. ಇದ್ದಕ್ಕಿದ್ದಂತೆ ಚೆಲುವಿಯ ಕತ್ತು ನೆಟ್ಟಗಾಯಿತು. ನಮಗೆ ಏನೂ ಕಾಣಲಿಲ್ಲ. ಅದು ಹೊರಟಿತು. ಓಡಿತು ಎಂದರೆ ಕಡಿಮೆಯಾದೀತು. ಇಲ್ಲಿತ್ತು, ಆಮೇಲೆ ಇಳಿಜಾರಿನ ಆ ಕಡೆ ಒಂದು ಧೂಳಿನ ಗೆರೆ ಇತ್ತು. ಆ ಗೆರೆಯ ತುದಿಯಲ್ಲಿ ಬೂದು ಬಣ್ಣದ ತೋಳ. "ಹಿಡಿ! ಹಿಡಿ ಚೆಲುವಿ!" ಎಂದು ಭಾವ ದೊಣ್ಣೆ ಎತ್ತಿಕೊಂಡು ಹಿಂದೆ ಓಡಿದರು. ಟೈಗರ್ ಬದು ಬಿಟ್ಟು ಬಂದು ಹಿಂಡನ್ನು ಸುತ್ತಿ ಸುತ್ತಿ ಒಟ್ಟು ಮಾಡಿದ, ನನ್ನನ್ನೂ ಸೇರಿಸಿ. ಕುರಿಗಳ ನಡುವೆ ಮೊಣಕಾಲವರೆಗೆ ಉಣ್ಣೆಯಲ್ಲಿ ಹೂತು ನಿಂತ ನಾನು ಸುತ್ತ ನೋಡಿದೆ. ಕರಿಯ ಇರಲಿಲ್ಲ.

ಭಾವ ಏದುಸಿರು ಬಿಡುತ್ತಾ ಬಂದರು. ತೋಳವನ್ನು ಚೆಲುವಿ ಗುಡ್ಡ ದಾಟಿಸಿತ್ತು. "ಎಲ್ಲಿ ಅವನು?"

"ಕಾಣ್ತಿಲ್ಲ ಭಾವಾ."

"ಮನೆಗೆ ಹೋಗಿರ್ತಾನೆ. ತೋಳ ಬಂದ ಹೊತ್ತಾಗೆ ಅವನಿಗೆ ರೊಟ್ಟಿ ನೆನಪಾಗೈತೆ. ನೋಡ್ದ್ಯಾ? ನೀನೇ ಕಣ್ಣಾರೆ ನೋಡು!"

ಅಷ್ಟರಲ್ಲಿ ಅಕ್ಕ ಬುತ್ತಿಯ ಗಂಟು ಹೊತ್ತುಕೊಂಡು ಬಂದಳು. ಭಾವನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. "ಮನೆ ಕಡೆ ಬಂದಿಲ್ಲ. ನಾನು ಅದೇ ದಾರಿಯಾಗೆ ಬಂದೀನಿ" ಎಂದಳು. ಹಿಂಡನ್ನು ಟೈಗರನಿಗೆ ಬಿಟ್ಟು ಮೂವರೂ ಹುಡುಕಿದೆವು.

ಅವನು ಸಿಕ್ಕಿದ್ದು ಹಿಂಡು ಮೇಯುತ್ತಾ ಹಿಂದೆ ಬಿಟ್ಟು ಬಂದಿದ್ದ ಒಂದು ಒಣ ಹಳ್ಳದಲ್ಲಿ. ಜಾಲಿಯ ನೆರಳಲ್ಲಿ ಒಂದು ಕುರಿ ಆಗಷ್ಟೇ ಈದಿತ್ತು. ಹಿಂದೆ ಉಳಿದದ್ದು ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಮರಿ ಇನ್ನೂ ಒದ್ದೆ, ನಿಲ್ಲಲು ಬಾರದು. ಹಳ್ಳದ ಆ ದಡದಲ್ಲಿ ಇನ್ನೊಂದು ತೋಳ ಬಸ್ಸಿಗೆ ಕಾಯುವವರ ಹಾಗೆ ಕೂತಿತ್ತು. ಮೊದಲಿನದು ಚೆಲುವಿಯನ್ನೂ ಭಾವನನ್ನೂ ಗುಡ್ಡದ ಕಡೆ ಓಡಿಸಿಕೊಂಡು ಹೋಗಿದ್ದು ಇದಕ್ಕಾಗಿ. ಈ ತೋಳಕ್ಕೂ ಮರಿಗೂ ನಡುವೆ ಕರಿಯ. ಬೊಗಳುತ್ತಿರಲಿಲ್ಲ, ಮೇಲೆ ಬೀಳುತ್ತಿರಲಿಲ್ಲ. ತೋಳ ಎಡಕ್ಕೆ ಸರಿದರೆ ತಾನೂ ಎಡಕ್ಕೆ ಸರಿಯುತ್ತಿದ್ದ. ನಮ್ಮನ್ನು ಕಂಡು ತೋಳ ಎದ್ದು, ಅವಸರವಿಲ್ಲದೆ ಹೊರಟುಹೋಯಿತು. ಕರಿಯ ಒಂದು ಹೆಜ್ಜೆಯೂ ಅಟ್ಟಿಸಿಕೊಂಡು ಹೋಗಲಿಲ್ಲ. ಓಡಿಸುವುದು ಚೆಲುವಿಯ ಬದುಕು. ಇವನದು ನಿಲ್ಲುವುದು.

ಆಗ ಅಕ್ಕ ಕರೆದಳು. ಎಷ್ಟು ಕಾಲದ ಮೇಲೋ. "ಕರಿಯಾ... ಬಾರೋ."

ಭಾವ ಬೇಡ ಅನ್ನಲಿಲ್ಲ. ಅವರಿಗೂ ನೋಡಬೇಕಿತ್ತು.

ಬಾಲ ಅಲುಗಿತು. ದನಿ ಅವನಿಗೆ ನೆನಪಿತ್ತು, ಅದರಲ್ಲಿ ಅನುಮಾನವಿಲ್ಲ. ಅಕ್ಕ ಗಂಟು ಬಿಚ್ಚಿ ರೊಟ್ಟಿ ಮುರಿದು ಚಾಚಿದಳು. "ಬಾ ಮಗಾ." ಕರಿಯ ಅವಳನ್ನು ನೋಡಿದ, ರೊಟ್ಟಿಯನ್ನೂ ನೋಡಿದ. ಆಮೇಲೆ ತಿರುಗಿ ಒದ್ದೆ ಮರಿಯ ಪಕ್ಕ ಹೋಗಿ ನಿಂತ.

ಅಕ್ಕ ಹಳ್ಳದ ಮರಳಿನಲ್ಲಿ ಕುಸಿದು ಕೂತಳು. ಅಳುತ್ತಿದ್ದಳು, ನಗುತ್ತಿದ್ದಳು. "ಬರಲಿಲ್ಲ ನೋಡೋ ತಮ್ಮಾ! ಕರೆದ್ರೂ ಬರಲಿಲ್ಲ!" ತಾವು ಪ್ರೀತಿಸಿದವರು ತಮ್ಮ ಮಾತು ಕೇಳಲಿಲ್ಲವೆಂದು ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಭಾವ ಹೊಸ ಮರಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಕರಿಯ ಅವರ ಹಿಮ್ಮಡಿಗೆ ಅಂಟಿಕೊಂಡೇ ನಡೆದ. ಅದನ್ನು ನೋಡುತ್ತಿದ್ದ ಅಕ್ಕ ತಟ್ಟನೆ ನಿಂತಳು. "ರೀ, ಮೊನ್ನೆ ಅವನು ಮನೆಗೆ ಬಂದಾಗ ಕುಂಟುಮರೀನ ಹಿತ್ತಲಾಗೆ ಕಟ್ಟಿರಲಿಲ್ವೇನ್ರೀ? ಅದಕ್ಕೂ ಮುಂಚೆ ಬಂದಾಗ, ಜ್ವರದ ಮರಿ?"

ಭಾವ ಹೆಗಲ ಮರಿಯನ್ನೊಮ್ಮೆ, ಹಿಮ್ಮಡಿಯ ನಾಯಿಯನ್ನೊಮ್ಮೆ ನೋಡಿದರು. ಆ ಮರಿಗಳನ್ನು ಹೀಗೇ ಹೆಗಲ ಮೇಲೆ ಮನೆಗೆ ಹೊತ್ತವರು ಅವರೇ. ಹಿಂದೆ ಬಂದ ನಾಯಿಗೆ ಕಲ್ಲು ಬೀಸಿದವರೂ ಅವರೇ. ಸ್ವಲ್ಪ ದೂರ ಹೋದಮೇಲೆ, "ಹೌದಲ್ಲೇ..." ಎಂದರು. ಇನ್ನೂ ಸ್ವಲ್ಪ ದೂರ ಹೋದಮೇಲೆ ನನ್ನ ಕಡೆ ತಿರುಗಿ, "ಆ ಹಗ್ಗ ಇಲ್ಲೇ ಬಿಟ್ಟು ಹೋಗು, ಹೋರಿಗೆ ಆಗುತ್ತೆ" ಎಂದರು.

ಮೊನ್ನೆ ಭಾನುವಾರ ಬಿಳಿಚೋಡಿಗೆ ಹೋಗಿ ಬಂದೆ. ಮಂಜಣ್ಣನ ಪ್ರಶ್ನೆ ತಲೆಯಲ್ಲಿ ಉಳಿದಿತ್ತು ಅನ್ನಿ. ಕರಿಯ ಈಗ ಮುದುಕ, ಮೂತಿಯೆಲ್ಲ ಬೆಳ್ಳಗಾಗಿದೆ. ಗುಡ್ಡ ಹತ್ತಲಾರ, ಹಿಂಡು ಹೋದಮೇಲೆ ರೊಪ್ಪದಲ್ಲಿ ಎಳೆಮರಿಗಳ ಜೊತೆ ಉಳಿಯುತ್ತಾನೆ. ಬೇಲಿಯ ಬಳಿ ನಿಂತಿದ್ದ ಭಾವ, "ಇನ್ನು ಮುಟ್ಟಿದ್ರೆ ಕೆಡೋ ವಯಸ್ಸಲ್ಲ ಕಣೆ. ಹೋಗು" ಎಂದರು.

ಅಕ್ಕ ಪೂಜೆಗೆ ಹೋಗುವವರ ಹಾಗೆ ಕೈ ತೊಳೆದುಕೊಂಡು ಬಂದಳು. ಒಳಗೆ ಹೋಗಿ ಮರಿಗಳ ನಡುವೆ ಹಿಕ್ಕೆಯ ಮೇಲೇ ಕೂತಳು. ನಾನೂ ಕೂತೆ, ಉಣ್ಣೆ, ಚಿಗಟ, ಇನ್ನೇನೇನು ಅಂಟುತ್ತವೋ ಎಂದು ಯೋಚಿಸುವ ಮೊದಲೇ ಕೂತುಬಿಟ್ಟಿದ್ದೆ. ಕರಿಯ ಕಷ್ಟಪಟ್ಟು ಎದ್ದ. ಅಕ್ಕನ ಅಂಗೈಯನ್ನು ಬಹಳ ಹೊತ್ತು ಮೂಸಿದ. ನನ್ನನ್ನೂ ಮೂಸಿದ. ನಮ್ಮಿಬ್ಬರನ್ನೂ ಮರಿಗಳನ್ನೂ ಸೇರಿಸಿ ಒಂದು ಸುತ್ತು ಬಂದು, ನಮಗೆ ಬೆನ್ನು ಮಾಡಿ ಮಲಗಿದ.

"ನಮ್ಮನ್ನೂ ಹಿಂಡಿಗೆ ಹಾಕ್ಕಂಡ ನೋಡೋ" ಎಂದಳು ಅಕ್ಕ, ಮೆಲ್ಲಗೆ.

ಅವಳ ಕೈ ಅವನ ಬೆನ್ನ ಮೇಲಿತ್ತು. ಅವನ ಕಣ್ಣು ಬೇಲಿಯ ಸಂದಿನ ಮೇಲಿತ್ತು.