ಸಿಟ್ಟು ಬಿಟ್ಟ ನಲವತ್ತು ದಿನ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ನಮ್ಮ ಓಣಿಯವರು ಹೇಳುತ್ತಾರೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಯಲ್ಲಿ ನಾನು ಬಾಯಿ ತೆರೆದರೆ ಪಕ್ಕದ ಮನೆಯ ಗೌರಮ್ಮನವರಿಗೆ ಕುಕ್ಕರಿನ ಸೀಟಿ ಎಷ್ಟಾಯಿತೆಂದು ಮರೆತುಹೋಗುತ್ತದೆ. ತಪ್ಪು ಪೂರ್ತಿ ನನ್ನದಲ್ಲ. ನಾನು ಕೆಲಸ ಮಾಡುವುದು ಲಾರಿ ಆಫೀಸಿನಲ್ಲಿ. ಸಂಡೂರಿನಿಂದ ಅದಿರು ತುಂಬಿಕೊಂಡು ಹೊರಟ ಲಾರಿ ಎಲ್ಲಿದೆ, ಯಾಕೆ ನಿಂತಿದೆ, ಡ್ರೈವರ್ ಊಟಕ್ಕೆ ಕೂತಿದ್ದಾನೋ ನಿದ್ದೆಗೆ ಬಿದ್ದಿದ್ದಾನೋ ಎಂದು ಬೆಳಗಿನಿಂದ ಸಂಜೆತನಕ ಫೋನಿನಲ್ಲಿ ವಿಚಾರಿಸುವುದೇ ನನ್ನ ಉದ್ಯೋಗ. ಮೆತ್ತಗೆ ಕೇಳಿದರೆ ಯಾವ ಲಾರಿಯೂ ಕದಲುವುದಿಲ್ಲ. ಸಂಜೆ ಆಫೀಸಿಗೆ ಬೀಗ ಹಾಕಿ ಬರುತ್ತೇನೆ, ದನಿ ಮಾತ್ರ ಬೀಗದ ಒಳಗೆ ಉಳಿಯುವುದಿಲ್ಲ. ಮನೆಯಲ್ಲಿ ಒಂಬತ್ತು ವರ್ಷದ ರೋಸಿ, ಆರು ವರ್ಷದ ಡ್ಯಾನಿ ಇದ್ದಾರೆ. ಅವರನ್ನೂ ನಾನು ಎರಡು ಲಾರಿಗಳೆಂದೇ ತಿಳಿದು ಮಾತಾಡಿಸುತ್ತೇನೆ ಅಂತ ನಮ್ಮ ಯಜಮಾನರ ದೂರು.

ಇಂಥ ನಾನು ಒಂದು ವರ್ಷ ನಲವತ್ತು ದಿನ ಸಿಟ್ಟು ಬಿಟ್ಟೆ. ಅದು ಮುಗಿದ ದಿನವೇ ನನ್ನ ಮಗನ ಮುಂಗೈ ಮೂಳೆ ಮುರಿಯಿತು. ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ನುತ್ತೀರಾ? ಅದನ್ನು ಹೇಳುವುದಕ್ಕೇ ಕೂತಿದ್ದೇನೆ, ಸ್ವಲ್ಪ ಸಮಾಧಾನ ಇರಲಿ. ಸಮಾಧಾನ ಇರಲಿ ಅಂತ ನಾನು ಇನ್ನೊಬ್ಬರಿಗೆ ಹೇಳುವುದು ಕೇಳಿದರೆ ಗೌರಮ್ಮನವರು ಬಿದ್ದು ಬಿದ್ದು ನಗುತ್ತಾರೆ.

ಈಸ್ಟರ್ ಹಬ್ಬಕ್ಕೆ ಮುಂಚೆ ನಮ್ಮವರಿಗೆ ನಲವತ್ತು ದಿನ ತಪಸ್ಸುಕಾಲ. ಬೂದಿ ಬುಧವಾರದಂದು ಚರ್ಚಿನಲ್ಲಿ ಫಾದರ್ ಹಣೆಗೆ ಬೂದಿ ಹಚ್ಚುತ್ತಾರೆ, ಅಲ್ಲಿಂದ ಶುರು. ಅವತ್ತು ಹಣೆ ತುಂಬ ಬೂದಿ ಹೊತ್ತು ಮನೆಗೆ ಬರುವಾಗ, ಮೂರು ಬೆರಳಿನ ವಿಭೂತಿ ಧರಿಸಿದ ಗೌರಮ್ಮನವರು ಬಾಗಿಲಲ್ಲೇ ನಿಂತಿರುತ್ತಾರೆ. “ಬರ್ರಿ ಬರ್ರಿ, ಇವತ್ತು ನೀವೂ ನಮ್ಮ ಮಂದಿ ಆಗೀರಿ!” ಎನ್ನುತ್ತಾರೆ. ಪ್ರತಿ ವರ್ಷ ಅದೇ ಮಾತು, ಪ್ರತಿ ವರ್ಷ ನಾನೂ ಹೊಸದಾಗಿ ಕೇಳಿದವಳಂತೆ ನಗುತ್ತೇನೆ.

ಈ ನಲವತ್ತು ಎಂಬ ಸಂಖ್ಯೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನೋಹನ ಕಾಲದಲ್ಲಿ ಮಳೆ ಸುರಿದದ್ದು ನಲವತ್ತು ದಿನ. ಯೇಸುಸ್ವಾಮಿ ಮರುಭೂಮಿಯಲ್ಲಿ ಉಪವಾಸ ಇದ್ದದ್ದು ನಲವತ್ತು ದಿನ. ನಮ್ಮ ತಪಸ್ಸುಕಾಲ ಮಾರ್ಚಿನ ಬಿಸಿಲಿಗೆ ಬರುವುದರಿಂದ ಹೊಸಪೇಟೆಯವರಿಗೆ ಮರುಭೂಮಿ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಗೌರಮ್ಮನವರ ಮಗ ಅಯ್ಯಪ್ಪನ ಮಾಲೆ ಹಾಕಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ದಿನ, ಅಷ್ಟು ದಿನವೂ ಅವನು ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಾನೆ. ಎದುರು ಮನೆಯವರ ರಂಜಾನ್ ಒಂದು ತಿಂಗಳು. ಮನುಷ್ಯ ಒಂದೇ ಉಸಿರಿನಲ್ಲಿ ಒಂದು ತಿಂಗಳು, ಹೆಚ್ಚೆಂದರೆ ಇನ್ನೊಂದು ವಾರ ಒಳ್ಳೆಯವನಾಗಿರಬಲ್ಲ, ಅದಕ್ಕಿಂತ ಜಾಸ್ತಿ ಜಗ್ಗಿದರೆ ಹರಿದುಹೋಗುತ್ತಾನೆ ಎಂಬುದು ಮೇಲಿನವರಿಗೆಲ್ಲ ಮೊದಲಿನಿಂದಲೂ ಗೊತ್ತಿದ್ದಂತಿದೆ.

ಆ ವರ್ಷ ಫಾದರ್ ಪ್ರಸಂಗದಲ್ಲಿ ಒಂದು ಮಾತು ಹೇಳಿದರು. ಮಾಂಸ ಬಿಡುವುದು ದೊಡ್ಡದಲ್ಲ, ನೀವು ಏನು ಬಿಟ್ಟರೆ ನಿಮ್ಮ ಮನೆಯವರಿಗೆ ಹಿತವೋ ಅದನ್ನು ಬಿಡಿ, ಏನೆಂದು ಅವರನ್ನೇ ಕೇಳಿ ಅಂದರು. ನಾನು ಮನೆಗೆ ಬಂದು ಊಟಕ್ಕೆ ಬಡಿಸುತ್ತ ಕೇಳಿದೆ. ಯಜಮಾನರು ತಲೆಯೆತ್ತಿ ಫ್ಯಾನ್ ನೋಡಿದರು. ಡ್ಯಾನಿ ಅಕ್ಕನ ಮುಖ ನೋಡಿದ. ರೋಸಿ ತಟ್ಟೆಯಿಂದ ಕಣ್ಣೆತ್ತದೆ “ಸಿಟ್ಟು” ಅಂದಳು. ಅದಕ್ಕೇ ನನಗೆ ಸಿಟ್ಟು ಬಂತು. ಆದರೆ ಬೂದಿ ಇನ್ನೂ ಹಣೆಯ ಮೇಲಿತ್ತು.

ಮೊದಲ ವಾರ ಹೇಗೆ ಕಳೆದೆನೆಂದು ನನಗೇ ಗೊತ್ತು. ಮೊಸರಿನ ಪಾತ್ರೆ ಹೊಸ ಚಾದರದ ಮೇಲೆ ಮಗುಚಿತು. ಸೆರಗು ಕಚ್ಚಿ ಹಿಡಿದು ಒರೆಸಿದೆ. ಶೂ ಒಂದೇ ಕಾಲಿನದು ಮನೆಗೆ ಬಂತು, ಇನ್ನೊಂದು ಶಾಲೆಯಲ್ಲೇ ಉಳಿಯಿತು. ನಾನು ಜಪಮಾಲೆ ಹಿಡಿದು ಹಿತ್ತಲಿಗೆ ಹೋಗಿ ಬಂದೆ. ಕೂಡಿಟ್ಟ ದನಿಯನ್ನೆಲ್ಲ ಮರುದಿನ ಡ್ರೈವರುಗಳ ಮೇಲೆ ಸುರಿಯುತ್ತಿದ್ದೆ. ಪಾಪ, ಅವರು ಯಾವ ಧರ್ಮದವರಾದರೂ ಆ ನಲವತ್ತು ದಿನ ತಪಸ್ಸು ಮಾಡಿದ್ದು ಅವರೇ.

ಎರಡನೆಯ ವಾರದಿಂದ ಒಂದು ವಿಚಿತ್ರ ಶುರುವಾಯಿತು. ಸಂಜೆ ನಾನು ಕಾಲು ತೊಳೆದು ಒಳಗೆ ಬಂದೊಡನೆ ಮಕ್ಕಳು ಒಬ್ಬೊಬ್ಬರಾಗಿ ಬಂದು ತಪ್ಪು ಒಪ್ಪಿಕೊಳ್ಳತೊಡಗಿದರು. ಕ್ರಿಸ್ಮಸ್ಸಿನಿಂದ ಕಾಣೆಯಾಗಿದ್ದ ಟಿಫಿನ್ ಡಬ್ಬಿ ಬಾವಿಯಲ್ಲಿದೆ ಎಂದು ಡ್ಯಾನಿ ಹೇಳಿದ. ಗಣಿತದ ಪರೀಕ್ಷೆಯ ಹಾಳೆಗೆ ನನ್ನ ಸಹಿಯನ್ನು ತಾನೇ ಹಾಕಿದ್ದಾಗಿ ರೋಸಿ ಹೇಳಿದಳು. ನನ್ನ ಮದುವೆಯ ಫೋಟೋದ ಗಾಜು ಬಿರುಕು ಬಿಟ್ಟಿದ್ದು ಬಿಸಿಲಿಗಲ್ಲವಂತೆ. ನಾನು ಎಲ್ಲವನ್ನೂ ನಗುಮುಖದಿಂದ ಕೇಳಿ ತಲೆ ಸವರಿ ಕಳಿಸಿದೆ. ಎದೆಯುಬ್ಬಿತು ಅಂತಲೇ ಹೇಳಬೇಕು. ಸಿಟ್ಟಿಲ್ಲದ ತಾಯಿಗೆ ಮಕ್ಕಳು ಹೇಗೆ ಮನಸ್ಸು ಬಿಚ್ಚುತ್ತಾರೆ ನೋಡಿ ಎಂದು ಗೌರಮ್ಮನವರಿಗೆ ಕೊಚ್ಚಿಕೊಂಡೆ. ಗೌರಮ್ಮನವರು “ಹೌದೇನ್ರೀ” ಅಂದರು.

ನಡುವೆ ಭಾನುವಾರಗಳು ತಪಸ್ಸುಕಾಲದ ಲೆಕ್ಕಕ್ಕೆ ಸೇರುವುದಿಲ್ಲ, ಭಾನುವಾರ ಯಾವಾಗಲೂ ಹಬ್ಬವೇ ಎಂದು ಉಪದೇಶದ ಕ್ಲಾಸಿನಲ್ಲಿ ಸಿಸ್ಟರ್ ಮಕ್ಕಳಿಗೆ ಹೇಳಿಕೊಟ್ಟರು. ನನಗೆ ಜೀವ ಬಂದಂತಾಯಿತು. ಆ ಭಾನುವಾರ ಸ್ವಲ್ಪ ಬೈದೆ. ಸ್ವಲ್ಪವೇ, ರೂಢಿ ತಪ್ಪದಿರಲಿ ಅಂತ. ಮಕ್ಕಳು ಇದನ್ನೂ ಗಮನಿಸಿಕೊಂಡರು. ಅಲ್ಲಿಂದ ಮುಂದೆ ಒಪ್ಪಿಕೊಳ್ಳುವುದೆಲ್ಲ ಸೋಮವಾರದಿಂದ ಶನಿವಾರದೊಳಗೆ ಮುಗಿಯುತ್ತಿತ್ತು. ಭಾನುವಾರ ಮನೆಯಲ್ಲಿ ಎರಡು ಗೊಂಬೆಗಳು ಇರುತ್ತಿದ್ದವು. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲೇ ರೈತರು ಗದ್ದೆಯ ಕೆಲಸ ಮುಗಿಸಿಕೊಳ್ಳುವಂತೆ ನನ್ನ ಮಕ್ಕಳು ನನ್ನನ್ನು ಬಳಸಿಕೊಳ್ಳುತ್ತಿದ್ದರು. ಇದು ನನಗೆ ಆಗ ಹೊಳೆಯಲಿಲ್ಲ. ಲಾರಿ ಎಲ್ಲಿದೆಯೆಂದು ಕೂತಲ್ಲೇ ಹೇಳಬಲ್ಲ ನನಗೆ ನನ್ನ ಮಕ್ಕಳು ಎಲ್ಲಿ ನಿಂತಿದ್ದಾರೆ ಅಂತ ತಿಳಿಯಲಿಲ್ಲ.

ಗರಿಗಳ ಭಾನುವಾರ ಕಳೆದು ಪವಿತ್ರ ವಾರ, ಅಂದರೆ ತಪಸ್ಸುಕಾಲದ ಕೊನೆಯ ವಾರ, ಬಂತು. ಡ್ಯಾನಿ ದಿನಾ ಬೆಳಿಗ್ಗೆ ಎದ್ದವನೇ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದ. ಹಬ್ಬದ ಸಡಗರ ಇರಬೇಕು ಅಂದುಕೊಂಡೆ. “ಇನ್ನ ನಾಕ ದಿನ, ಖುಷಿ ಏನಲೇ?” ಎಂದು ಕೇಳಿದೆ. ಅವನು “ಹೂಂ” ಅಂದ. ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಅನ್ನುವಂಥ ಹೂಂ.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಈಸ್ಟರ್ ಹಬ್ಬದ ಮೊಟ್ಟೆಗೆ ಬಣ್ಣ ಕಟ್ಟುತ್ತಿದ್ದೆವು. ಈರುಳ್ಳಿ ಸಿಪ್ಪೆ ಹಾಕಿ ಕುದಿಸಿದರೆ ಕೆಂಪು ಮಣ್ಣಿನ ಬಣ್ಣ, ಅರಿಶಿನಕ್ಕೆ ಹಳದಿ, ಬೀಟ್‌ರೂಟಿಗೆ ಗುಲಾಬಿ. ರೋಸಿ ಮೊಟ್ಟೆ ಒರೆಸುತ್ತ ಕೇಳಿದಳು.

“ಮಮ್ಮಿ, ನಾಳೆಯಿಂದ ನೀ ಮತ್ತ ಮೊದಲಿನಂಗ?”

ನಾನು ತಮಾಷೆಗೆ, “ಹೂಂ ಮತ್ತ! ನಲವತ್ತು ದಿನದ್ದು ಕೂಡಿಟ್ಟೀನಿ. ನಾಳೆ ಐತಿ ನೋಡ್ರಿ ನಿಮಗ!” ಎಂದೆ.

ನಾನೊಬ್ಬಳೇ ನಕ್ಕೆ. ಅವರಿಬ್ಬರೂ ನಗಲಿಲ್ಲ ಎಂಬುದು ನೆನಪಾದದ್ದು ಮರುದಿನ, ಆಸ್ಪತ್ರೆಯ ಬೆಂಚಿನ ಮೇಲೆ.

ಈಸ್ಟರ್ ಬೆಳಿಗ್ಗೆ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳುತ್ತಿದ್ದೆವು. ಕಂಪ್ಲಿಯಿಂದ ಬಂದಿದ್ದ ಗೆಳತಿ ಸಿಕ್ಕಿ ನನ್ನ ಮಾತು ಉದ್ದವಾಯಿತು. ಮಕ್ಕಳು ಕಾಂಪೌಂಡ್ ಗೋಡೆಯ ಹತ್ತಿರ ಆಡುತ್ತಿದ್ದರು. ವಾಪಸು ಹೊರಡುವಾಗ ಡ್ಯಾನಿ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಹೊಸ ತುಂಬುತೋಳಿನ ಅಂಗಿಯಲ್ಲಿ ಬಹಳ ಸಭ್ಯನಾಗಿ ಬಂದು ಸ್ಕೂಟರಿನಲ್ಲಿ ಕೂತ. ಹೊಸ ಬಟ್ಟೆ ಮಕ್ಕಳನ್ನು ಹೇಗೆ ದೊಡ್ಡವರನ್ನಾಗಿ ಮಾಡುತ್ತದೆ ಅಂತ ನಾನು ಯಜಮಾನರಿಗೆ ಹೇಳಿದ್ದೂ ಉಂಟು.

ಮನೆಗೆ ಬಂದು ಬಿರಿಯಾನಿಗೆ ದಮ್ ಹಾಕಿದೆ. ಗೌರಮ್ಮನವರ ಮನೆಯಲ್ಲಿ ಮಾಂಸ ತಿನ್ನುವುದಿಲ್ಲವಾದ್ದರಿಂದ ಅವರಿಗೆಂದು ಶಾವಿಗೆ ಪಾಯಸ ಬೇರೆ ಮಾಡಿ, ಬಂದು ಕೂತು ತಿನ್ನಿರೆಂದು ಕರೆದೆ. ಎರಡು ಗಂಟೆಗೆ ಊಟಕ್ಕೆ ಕೂತೆವು. ರೋಸಿ ತಮ್ಮನ ಪಕ್ಕ ಒತ್ತಿಕೊಂಡು ಕೂತು ಅವನಿಗೆ ತುತ್ತು ಮಾಡಿ ತಿನ್ನಿಸತೊಡಗಿದಳು. ಒಂದೇ ತುಂಡಿಗೆ ಕಾಗೆಗಳಂತೆ ಜಗಳಾಡುವ ಮಕ್ಕಳು! ನನ್ನ ಕಣ್ಣು ತುಂಬಿತು. ನಲವತ್ತು ದಿನದ ಫಲ ಇದೇ ಅಲ್ಲವೇ ಅಂದುಕೊಂಡು, “ನೋಡ್ರಿ ಗೌರಮ್ಮನೋರ, ನೋಡ್ರಿ ಹೆಂಗ ತಿನ್ನಸಾಕತ್ಯಾಳ” ಎಂದೆ.

ಗೌರಮ್ಮನವರು ಪಾಯಸದ ಲೋಟ ಕೆಳಗಿಟ್ಟರು. “ನೋಡಾಕತ್ತೀನಿ. ಆ ಹುಡುಗನ ಮಾರಿ ಯಾಕ ಹಂಗ ಬಾಡೇತಿ?”

ಆಗ ನಾನು ನೋಡಿದೆ. ಅವನ ತುಟಿ ಬಿಳಿಚಿತ್ತು. ಹಣೆಯ ಮೇಲೆ ಬೆವರು. ಮುಂದಿಟ್ಟ ಗುಲಾಬಿ ಮೊಟ್ಟೆಯನ್ನು ಎಡಗೈಯಿಂದ ತೆಗೆದುಕೊಳ್ಳಲು ಹೋದ, ಅದು ಜಾರಿ ನೆಲಕ್ಕೆ ಬಿತ್ತು. ಬಲಗೈ ಮೇಲೇಳಲೇ ಇಲ್ಲ. ಹೆದರಿದರೆ ನನ್ನ ಬಾಯಿಂದ ಬರುವುದು ಅದೇ ಲಾರಿ ಆಫೀಸಿನ ದನಿ.

“ಬಲಗೈ ತಗಿ ಹೊರಗ! ತಗೀತಿಯೋ ಇಲ್ಲೋ!”

ಅವನು ಗೋಡೆಗೆ ಅಂಟಿಕೊಂಡ. ರೋಸಿ ಎಂಜಲು ಕೈಯಲ್ಲೇ ಎದ್ದು ನನಗೂ ಅವನಿಗೂ ನಡುವೆ ನಿಂತಳು. “ಬೈಬ್ಯಾಡ ಮಮ್ಮಿ, ಬೈಬ್ಯಾಡ. ಅವ ಬೇಕಂತ ಬಿದ್ದಿಲ್ಲ. ಗ್ವಾಡಿ ಮ್ಯಾಲಿಂದ ಕಾಲ್ ಜಾರ್ತು.”

ಅಂಗಿಯ ತೋಳು ಮೇಲೆ ಮಡಚಲಾಗಲಿಲ್ಲ. ಮಣಿಕಟ್ಟು ಊದಿ ತೋಳಿಗೆ ಬಿಗಿದುಕೊಂಡಿತ್ತು. ಯಜಮಾನರು ಕತ್ತರಿ ತಂದು ಹೊಸ ಅಂಗಿಯನ್ನು ಮೊಣಕೈತನಕ ಕತ್ತರಿಸಿದರು. ಚರ್ಚಿನಲ್ಲಿ ಬಿದ್ದದ್ದು ಒಂಬತ್ತು ಗಂಟೆಗೆ. ಐದು ತಾಸು ಆರು ವರ್ಷದ ಹುಡುಗ ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಒಂಬತ್ತು ವರ್ಷದವಳನ್ನು ಕಾವಲಿಗೆ ಇಟ್ಟುಕೊಂಡು, ನನ್ನ ಮನೆಯಲ್ಲಿ, ನನ್ನ ಕಣ್ಣೆದುರು ಓಡಾಡಿದ್ದ.

“ಯಾಕೋ ಹೇಳಲಿಲ್ಲ ನನಗ?” ಎಂದೆ. ದನಿ ಆಗಲೇ ಉಡುಗಿತ್ತು.

ಅವನು ಅತ್ತಿರಲಿಲ್ಲ. ಅಳದೆಯೇ ಹೇಳಿದ.

“ನಿನ್ನೆ ಬಿದ್ದಿದ್ರ ಹೇಳ್ತಿದ್ದೆ.”

ಆಟೋದಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಹಬ್ಬದ ಭಾನುವಾರ, ಉರಿ ಬಿಸಿಲು, ಎರಡು ಕ್ಲಿನಿಕ್ಕಿನ ಬಾಗಿಲು ಹಾಕಿತ್ತು. ಪ್ರತಿ ಗುಂಡಿಗೂ ಅವನ ಮೈ ಬಿಗಿಯಾಗುತ್ತಿತ್ತು, ಬಾಯಿಂದ ಸದ್ದಿಲ್ಲ. ಅಳು ಮಗನೇ, ಕೂಗು, ನಿನ್ನ ತಾಯಿಯ ಹಾಗೆ ಓಣಿಗೆಲ್ಲ ಕೇಳುವಂತೆ ಕೂಗು ಅಂತ ನನಗೆ ಅನಿಸುತ್ತಿತ್ತು. ಕೊನೆಗೆ ಒಂದು ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ಸಿಕ್ಕರು. “ಯಾವಾಗ ಬಿದ್ದಿ ಮರಿ?” ಎಂದು ಕೇಳಿದರು. ಡ್ಯಾನಿ ಉತ್ತರ ಹೇಳುವ ಮೊದಲು ನನ್ನ ಮುಖ ನೋಡಿದ. ಆ ನೋಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ನೋವಿಗಿಂತ ಹೆಚ್ಚು ಅವನು ನನಗೆ ಹೆದರಿದ್ದ, ಇದನ್ನು ಬೇರೆ ಯಾವ ಮಾತಿನಲ್ಲಿ ಸುತ್ತಿ ಹೇಳಿದರೂ ಅಷ್ಟೇ.

ಮೂಳೆ ಪೂರ್ತಿ ತುಂಡಾಗಿರಲಿಲ್ಲ, ಸೀಳಿತ್ತು. ಮಕ್ಕಳ ಎಲುಬು, ಬೇಗ ಕೂಡುತ್ತದೆ ಎಂದು ಡಾಕ್ಟರು ಪ್ಲಾಸ್ಟರ್ ಹಾಕಿದರು. ಎಲುಬಿನ ಮಾತು ಸರಿ, ಉಳಿದದ್ದಕ್ಕೆ ಯಾರು ಪ್ಲಾಸ್ಟರ್ ಹಾಕಬೇಕು ಅಂತ ಅವರು ಹೇಳಲಿಲ್ಲ.

ಇನ್ನು ಜನ್ಮದಲ್ಲಿ ಸಿಟ್ಟು ಮಾಡುವುದಿಲ್ಲ ಎಂದು ಆ ಸಂಜೆ ಯಜಮಾನರ ಮುಂದೆ ಆಣೆ ಮಾಡಲು ಹೊರಟೆ. ಅವರು ಮಾತು ಕಡಿಮೆಯ ಮನುಷ್ಯ. “ಆಗೂದು ಏನರ ಇದ್ರ ಹೇಳು,” ಅಂದರು. ಅದಕ್ಕೂ ನನಗೆ ಸಿಟ್ಟು ಬಂತು, ಹಾಗಾಗಿ ಅವರು ಹೇಳಿದ್ದು ಸರಿಯೆಂದು ಅಲ್ಲೇ ಸಾಬೀತಾಯಿತು. ಮಾಂಸವನ್ನಾದರೆ ತಟ್ಟೆಯಿಂದ ಎತ್ತಿ ಆಚೆ ಇಡಬಹುದು. ಸಿಟ್ಟು ಉಪ್ಪಿನ ಹಾಗೆ ಕರಗಿ ಸೇರಿಕೊಂಡಿರುತ್ತದೆ, ಅದನ್ನು ಎಲ್ಲಿಂದ ಎತ್ತುವುದು? ಅಲ್ಲದೆ ನಲವತ್ತು ದಿನ ನಾನು ಬಾಯಿ ಮುಚ್ಚಿದ್ದೇ ನಿಜವಾದರೂ ಮಕ್ಕಳಿಗೆ ಧೈರ್ಯ ಬರಲಿಲ್ಲ. ಬಾಯಿ ಯಾವತ್ತು ತೆರೆಯುತ್ತದೆ ಎಂಬ ತಾರೀಖು ಮಾತ್ರ ಗೊತ್ತಾಯಿತು. ಹುಲಿ ಉಪವಾಸ ಮಾಡಿದರೆ ಜಿಂಕೆಗೆ ಎಷ್ಟು ನೆಮ್ಮದಿ ಇರುತ್ತದೋ ಅಷ್ಟೇ.

ಪ್ಲಾಸ್ಟರ್ ಬಿಚ್ಚಿದರು. ಶಾಲೆ ಶುರುವಾಯಿತು. ನಾನು ಬೈಯುವುದನ್ನು ಬಿಟ್ಟಿಲ್ಲ, ಸ್ವಲ್ಪ ನಿಧಾನಿಸಿ ಬೈಯುತ್ತೇನೆ. ಆ ಸ್ವಲ್ಪದಲ್ಲಿ ಏನು ಮಾಡಬೇಕೆಂದು ಬಹಳ ದಿನ ನನಗೂ ಗೊತ್ತಿರಲಿಲ್ಲ.

ಮೊನ್ನೆ ಸಂಜೆ ಆಫೀಸಿನಿಂದ ಬಂದು ಕಾಲು ತೊಳೆದು ಒಳಗೆ ಬಂದಿದ್ದೆ. ಡ್ಯಾನಿ ಹೊಸ್ತಿಲ ಆಚೆ, ಕಾಲಲ್ಲಿ ಚಪ್ಪಲಿ ಸಮೇತ ನಿಂತಿದ್ದ. ಓಡಬೇಕಾಗಿ ಬಂದರೆ ಇರಲಿ ಅಂತ ಒಂದು ಕಾಲು ಮೆಟ್ಟಿಲ ಮೇಲೆ.

“ಮಮ್ಮಿ, ಒಂದು ಹೇಳ್ತೀನಿ. ಬೈತೀಯೇನು?”

“ಏನಾತು?”

“ಗೌರಮ್ಮಜ್ಜಿ ಮನಿ ಕಿಟಕಿ ಗಾಜು ಒಡೀತು. ನನ್ನ ಚೆಂಡು.”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಬೈತೀನಿ,” ಎಂದೆ. “ಭಾಳ ಬೈತೀನಿ. ಅದಕ್ಕ ಮೊದಲು ಕೈ ತೋರ್ಸು, ಗಾಜು ಚುಚ್ಚೇತೇನು ನೋಡೂಣು.”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಎರಡೂ ಕೈ ಮುಂದೆ ಚಾಚಿದ. ಅಂಗೈ ನೋಡಿದೆ, ತಿರುಗಿಸಿ ಹಿಂಗೈ ನೋಡಿದೆ, ಬೆರಳು ಬೆರಳು ಬಿಡಿಸಿ ನೋಡಿದೆ. ಎಲ್ಲೂ ಏನೂ ಆಗಿರಲಿಲ್ಲ.

ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಕೈಯಲ್ಲೇ ಬಿಟ್ಟು, “ಹೂಂ, ಈಗ ಬೈ,” ಅಂದ.