ಕ್ಲಚ್ ಮೇಷ್ಟ್ರು ಷಡ್ಡಕನ ಕಾರು ನೋಡಲು ಹೋದದ್ದು

ಕ್ಲಚ್ ಮೇಷ್ಟ್ರ ಎಡಗಾಲಿನ ಕೀರ್ತಿ ನಮ್ಮ ಬೀದಿಯನ್ನು ದಾಟಿ, ಬಸ್ ನಿಲ್ದಾಣವನ್ನು ಬಳಸಿ, ಲೈಸೆನ್ಸ್ ಕೊಡುವ ಕಚೇರಿಯ ಗೇಟಿನವರೆಗೂ ಹಬ್ಬಿತ್ತು. ಆ ಕಾಲಿಗೆ ವಿಶ್ರಾಂತಿ ಎಂಬುದೇ ಗೊತ್ತಿರಲಿಲ್ಲ. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದಾಗಲೂ ರಸ್ತೆಯಲ್ಲಿ ಲಾರಿಯೊಂದು ಏದುಸಿರು ಬಿಟ್ಟರೆ ಸಾಕು, ಕಾಲು ತಾನಾಗಿ ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಲಾರಿಯ ಗೇರ್ ಬದಲಾಗುವವರೆಗೆ ಕ್ಷೌರಿಕ ಕತ್ತಿ ಎತ್ತಿ ಹಿಡಿದು ಕಾಯುತ್ತಿದ್ದ. ನಿದ್ದೆಯಲ್ಲಿ ಆ ಕಾಲು ಒತ್ತಿದ ರಭಸಕ್ಕೆ ಮಂಚವೇ ಒಂದು ಗೇಣು ಮುಂದೆ ಹೋಗಿತ್ತೆಂದು ಅವರ ಹೆಂಡತಿ ಆಣೆ ಮಾಡಿ ಹೇಳುತ್ತಾರೆ. ಮಂಚಕ್ಕೆ ಚಕ್ರವಿದ್ದಿದ್ದರೆ ಮೇಷ್ಟ್ರು ಇಷ್ಟು ಹೊತ್ತಿಗೆ ಯಾವ ಊರಿನಲ್ಲಿರುತ್ತಿದ್ದರೋ!

ಕಾಲು ಹಾಗಾಗದೆ ಏನು? ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಇಪ್ಪತ್ತೆರಡು ವರ್ಷ, ಕಲಿಯುವವರ ಪಕ್ಕದಲ್ಲಿ, ತಮ್ಮ ಪಾಲಿನ ಎರಡನೇ ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತವರು. ಅವರಿಂದ ಕಲಿತವರು ನೂರಾರು ಮಂದಿ ಕಾರು ಕೊಂಡರು. ಮೇಷ್ಟ್ರು ಮಾತ್ರ ದಿನಾ ಸಂಜೆ ಶಾಲೆಯ ಕೀಲಿಯನ್ನು ಮೊಳೆಗೆ ನೇತುಹಾಕಿ ಬಸ್ಸಿಗೆ ಕಾಯುತ್ತಿದ್ದರು. ಅದನ್ನೂ ಹೇಗೋ ನುಂಗಿಕೊಂಡಿದ್ದರು. ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ: ಈಗ ಷಡ್ಡಕನೂ ಕಾರು ಕೊಳ್ಳುತ್ತಾನೆ!

ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕ ಔಷಧಿ ಅಂಗಡಿಯವನು. ಅವನಿಗೆ ಕಲಿಸಿದ್ದೂ ಮೇಷ್ಟ್ರೇ. ಒಂದೇ ಸಿಗ್ನಲ್ಲಿನಲ್ಲಿ ಏಳು ಸಲ ಗಾಡಿ ಆಫ್ ಮಾಡಿ, ಹಿಂದಿನ ಬಸ್ಸಿನ ಪ್ರಯಾಣಿಕರೆಲ್ಲ ಇಳಿದು ನಡೆದೇ ಹೋಗುವಂತೆ ಮಾಡಿದ ಮಹಾನುಭಾವ. ಅವನು ಫೋನ್ ಮಾಡಿದ.

"ಭಾವ, ಒಂಬತ್ತು ವರ್ಷದ ಗಾಡಿ. ನೀವು ಹೂಂ ಅಂದ್ರೆ ತಗೋತೀನಿ. ಉಹೂಂ ಅಂದ್ರೆ ತಿರುಗಿ ಕೂಡ ನೋಡಲ್ಲ."

ಉಹೂಂ ಎನ್ನುವ ಅಧಿಕಾರ ಕೈಗೆ ಬಂದ ಮೇಷ್ಟ್ರಿಗೆ ಆ ಭಾನುವಾರ ಬೆಳಗಾಗುವುದೇ ತಡವಾಯಿತು.

ಕಾರು ನಿವೃತ್ತ ನರ್ಸಮ್ಮನದು. ಮೊಣಕಾಲು ನೋವು ಬಂದು ಓಡಿಸುವುದನ್ನು ಬಿಟ್ಟಿದ್ದರು. ಮೇಷ್ಟ್ರು ಹೋಗುವಷ್ಟರಲ್ಲಿ ಷಡ್ಡಕ ಗೇಟಿನ ಬಳಿ ನಿಂತಿದ್ದ. ನಾದಿನಿ ಆಗಲೇ ಹಿಂದಿನ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು.

"ಭಾವ, ಇನ್ಮೇಲೆ ಅಕ್ಕನ್ನ ಇದ್ರಲ್ಲೇ ಕರ್ಕೊಂಡು ಹೋಗ್ತೀವಿ. ನೀವು ಹಿಂದೆ ಬಸ್ಸಲ್ಲಿ ಬನ್ನಿ!"

ಆಡಿದ್ದು ತಮಾಷೆಗೇ. ಮೇಷ್ಟ್ರ ಹೊಟ್ಟೆಯೊಳಗೆ ಮಾತ್ರ ಯಾರೋ ಒಲೆ ಊದಿದಂತಾಯಿತು.

ಯುದ್ಧ ಆರಂಭವಾಯಿತು. ಮೇಷ್ಟ್ರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಿಸಿಯಿದ್ದರೆ, ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿಟ್ಟಿದ್ದಾರೆಂದು ಅರ್ಥ. ಬಾನೆಟ್ಟು ತಣ್ಣಗಿತ್ತು, ದರಿದ್ರದ್ದು! ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಹಿಂದೆ ಓಡಿ ಸೈಲೆನ್ಸರಿನ ಬಾಯಿಗೆ ಕರವಸ್ತ್ರ ಹಿಡಿದರು. ಮತ್ತೆ ಮುಖ ಒರೆಸಿಕೊಳ್ಳುವಷ್ಟು ಬೆಳ್ಳಗೇ ಇತ್ತು. ಮ್ಯಾಟ್ ಎತ್ತಿ ತುಕ್ಕು ಹುಡುಕಿದರೆ ನರ್ಸಮ್ಮನ ಹೇರ್‌ಪಿನ್ ಸಿಕ್ಕಿತು. ಎಣ್ಣೆ ಸೋರುತ್ತದೆಯೇ ಎಂದು ಕಾರಿನಡಿ ಅಂಗಾತ ಮಲಗಿದರು. ಅಂಗಿ ಕೊಳೆಯಾಯಿತು, ಅಷ್ಟೇ. ಹೊಂಡ ಬಿದ್ದ ರಸ್ತೆಯನ್ನೇ ಹುಡುಕಿ ಒಂದು ಸುತ್ತು ಓಡಿಸಿದರು. ಕಾರು ಒಮ್ಮೆಯೂ ಗೊಣಗಲಿಲ್ಲ. ಗೇರುಗಳು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

"ಏನಾದ್ರೂ ಸಿಕ್ತಾ, ಭಾವ?"

"ಇರಯ್ಯ. ಕೇಳಿದ ತಕ್ಷಣ ತೆಗೆದುಕೊಡೋಕೆ ಇದೇನು ನಿನ್ನ ಅಂಗಡಿ ಮಾತ್ರೆನಾ?"

ಉಳಿದದ್ದು ಕ್ಲಚ್ಚೊಂದೇ. ಗೇಟಿನ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಡತೊಡಗಿದರು. ಸವೆದ ಕ್ಲಚ್ಚಾದರೆ ಎಂಜಿನ್ ತನ್ನ ಪಾಡಿಗೆ ಗುರುಗುಟ್ಟುತ್ತಲೇ ಇರುತ್ತದೆ. ಗಟ್ಟಿ ಕ್ಲಚ್ಚು ಅದನ್ನು ಹಿಡಿದು ನಿಲ್ಲಿಸಿಬಿಡುತ್ತದೆ. 'ಗುರುಗುಟ್ಟು, ನನ್ನಪ್ಪ' ಎಂದು ಮೇಷ್ಟ್ರು ಮನಸ್ಸಿನಲ್ಲೇ ಬೇಡಿಕೊಂಡರು. ಕಾರು ಒಮ್ಮೆ ನಡುಗಿ ತಟ್ಟನೆ ಆಫ್ ಆಯಿತು. ಕ್ಲಚ್ಚು ಕಲ್ಲಿನಷ್ಟು ಗಟ್ಟಿ!

"ಅಯ್ಯೋ, ಆಫ್ ಆಗೋಯ್ತು!" ಎಂದು ಷಡ್ಡಕ ಕೂಗಿದ. "ಸಿಕ್ತು ನೋಡಿ ಐಬು! ಬೇಡ ಬಿಡಿ ಭಾವ."

"ಇಲ್ಲಪ್ಪ, ಒಂದು ದಿನವೂ ಹೀಗೆ ಮಾಡಿರ್ಲಿಲ್ಲ," ಎಂದರು ಗೇಟಿನಲ್ಲಿ ನಿಂತಿದ್ದ ನರ್ಸಮ್ಮ. ಅವರ ದನಿ ಇಳಿದಿತ್ತು. ನಾದಿನಿ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಳು.

ಮೇಷ್ಟ್ರು ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಸುಳ್ಳು ಹೇಳಬೇಕಿಲ್ಲ, ಉಹೂಂ ಎನ್ನಬೇಕಿಲ್ಲ. ಬಾಯಿ ಮುಚ್ಚಿಕೊಂಡು ಇಳಿದರೆ ಸಾಕು, ಷಡ್ಡಕನೂ ನಾಳೆಯಿಂದ ಬಸ್ಸಿಗೇ. ಇಷ್ಟು ಸುಲಭದ ಗೆಲುವು ಅವರ ಜನ್ಮದಲ್ಲೇ ಸಿಕ್ಕಿರಲಿಲ್ಲ. ಇಳಿಯಲು ಬಾಗಿಲಿನ ಹಿಡಿಗೆ ಕೈ ಹಾಕಿದರು.

"ನೀವಿಲ್ದಿದ್ರೆ ನಾನು ಮೋಸ ಹೋಗ್ತಿದ್ದೆ, ಭಾವ. ಇಡೀ ಊರಲ್ಲಿ ನಿಮ್ಮಷ್ಟು ಗಾಡಿ ಗೊತ್ತಿರೋರು ಇಲ್ಲ," ಎಂದ ಷಡ್ಡಕ.

ಮೇಷ್ಟ್ರ ಕೈ ಹಿಡಿಯ ಮೇಲೇ ನಿಂತಿತು.

"ಏ, ಸುಮ್ನಿರು," ಎಂದು ಗದರಿದರು. "ಅದು ಆಫ್ ಆಗ್ಲೇಬೇಕು. ಆಗದೇ ಇದ್ರೆ ಕ್ಲಚ್ ಹೋಗಿದೆ ಅಂತ ಲೆಕ್ಕ. ಎಷ್ಟು ಸಲ ಹೇಳ್ಕೊಟ್ಟಿದೀನಿ, ತಲೆಗೆ ಹತ್ತಿದ್ರೆ ತಾನೆ? ಗಾಡಿ ಗುಂಡುಕಲ್ಲಿನ ಹಾಗಿದೆ. ತಗೋ."

ನರ್ಸಮ್ಮ ತಡೆಹಿಡಿದಿದ್ದ ಉಸಿರು ಬಿಟ್ಟರು. ನಾದಿನಿ ಕಾಲು ಒಳಗೆಳೆದುಕೊಂಡಳು. ಷಡ್ಡಕ ಮಾತ್ರ ಅನುಮಾನದಿಂದ ಬಗ್ಗಿ ನೋಡಿದ.

"ಅಷ್ಟು ಚೆನ್ನಾಗಿದ್ರೆ ನಿಮ್ಮ ಮುಖ ಯಾಕೆ ಹಾಗಿದೆ, ಭಾವ? ಏನೋ ಮುಚ್ಚಿಡ್ತಿದೀರ."

ಮೇಷ್ಟ್ರು ಕೀಲಿ ತೆಗೆದು ಅವನ ಕೈಗಿಟ್ಟರು.

"ಹೊಟ್ಟೆಕಿಚ್ಚು ಕಣಯ್ಯ."